ನನ್ನನ್ನು ಫೇಲು ಮಾಡಿದ ಏಳು ಸೋಮವಾರಗಳು

ಹೋದ ತಿಂಗಳು ನಮ್ಮ ಮನೆಯ ಹಿತ್ತಲ ಗೋಡೆಗೆ ಗಾರೆ ಮಾಡಿಸಬೇಕಾಗಿ ಬಂತು. ಮೇಸ್ತ್ರಿ ಬಂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಬಿರುಕು ಬಿಟ್ಟ ಕಡೆ ಉಗುರಿನಿಂದ ಕೆರೆದು, "ನಾಳೆ ಮಂಗಳವಾರ ಹಿಡಿದ್ರೆ ಎಂಟು ದಿವಸ ಆಗ್ತೈತೆ ಸಾರ್" ಎಂದ. ನಾನು ಕ್ಯಾಲೆಂಡರಿನ ಮುಂದೆ ನಿಂತು, ಚೌಕಗಳ ಮೇಲೆ ಬೆರಳಿಟ್ಟು ಎಣಿಸಿ, "ಹಂಗಾದ್ರೆ ಮುಂದಿನ ಬುಧವಾರ ಮುಗೀತೈತೆ" ಎಂದು ದೊಡ್ಡ ಎಂಜಿನಿಯರನ ಗತ್ತಿನಲ್ಲಿ ಘೋಷಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಗೌರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಮಂಗಳವಾರ ಮುಗೀತೈತೆ ಕಣ್ರಿ. ನೀವು ಸೋಮವಾರ ಬಿಟ್ಟು ಎಣಿಸಿದ್ರಿ. ಮೇಸ್ತ್ರಿ ಏನು ಎತ್ತು ಹೂಡ್ಕಂಡು ಗಾರೆ ಮೆತ್ತುತಾನೇನ್ರಿ?"

ಮೇಸ್ತ್ರಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಕೆಲಸದಿಂದ ನಿವೃತ್ತನಾಗಿ ಇಷ್ಟು ವರ್ಷವಾದರೂ ನನ್ನ ಬೆರಳು ಸೋಮವಾರದ ಚೌಕ ಬಂದ ತಕ್ಷಣ ತಾನೇ ತಾನಾಗಿ ಹಾರಿ ಮಂಗಳವಾರದ ಮೇಲೆ ಕುಳಿತುಕೊಳ್ಳುತ್ತದೆ. ಈ ಬೆರಳಿನ ದೆಸೆಯಿಂದ ನಾನು ಒಂದು ಕಾಲದಲ್ಲಿ ಪರೀಕ್ಷೆಯೊಂದರಲ್ಲಿ ಡುಮ್ಕಿ ಹೊಡೆದಿದ್ದೆ. ಒಂದು ಸೇತುವೆಯನ್ನೂ ಅದರ ಜೊತೆಗೆ ಮಾವನ ಮನೆಯ ಮರ್ಯಾದೆಯನ್ನೂ ಕಳೆದುಕೊಳ್ಳುವುದರಲ್ಲಿದ್ದೆ. ಹೇಗೂ ಗೋಡೆ ಒಣಗಬೇಕು, ನಿಮಗೂ ಪುರುಸೊತ್ತಿದ್ದಂತೆ ಕಾಣುತ್ತದೆ. ಹೇಳಿಬಿಡುತ್ತೇನೆ.

ಮೊದಲು ಸೋಮವಾರದ ಮಾತು. ನಾನು ಹುಟ್ಟಿದ್ದು ತುರುವನೂರಿನ ಆಸುಪಾಸಿನ ಹಳ್ಳಿಯಲ್ಲಿ. ಮನೆಯಲ್ಲಿ ಒಂದಷ್ಟು ಕುರಿ, ಒಂದು ಜೊತೆ ಎತ್ತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಆ ದಿನ ನೇಗಿಲಿಲ್ಲ, ಗಾಡಿಯಿಲ್ಲ, ಕುಂಟೆಯಿಲ್ಲ. ಅಪ್ಪ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ನೊಗ ಒತ್ತಿದ ಜಾಗಕ್ಕೆ ಬೇವಿನೆಣ್ಣೆ ಸವರಿ, ಅಂಗಳದ ನೆರಳಿನಲ್ಲಿ ಕಟ್ಟುತ್ತಿದ್ದ. ಅವು ಕಣ್ಣು ಅರೆ ಮುಚ್ಚಿಕೊಂಡು ಮೆಲುಕು ಹಾಕುತ್ತ, ಮಗ್ಗಿ ಬಾಯಿಪಾಠ ಮಾಡಿಕೊಂಡು ಸ್ಕೂಲಿಗೆ ಹೊರಟ ನನ್ನ ಕಡೆ ಒಂದು ನೋಟ ಬೀರುತ್ತಿದ್ದವು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಸಿಟ್ಟು ಬಂದು, "ಎತ್ತಿಗೆ ರಜಾ ಐತೆ, ನನಗ್ಯಾಕಿಲ್ಲ?" ಎಂದು ಅಪ್ಪನನ್ನು ಕೇಳಿದೆ. ಅಪ್ಪ ಯೋಚಿಸಿ, "ಎತ್ತು ವಾರದಾಗೆ ಆರು ದಿನ ಗೇಯ್ತವೆ ಕಣ್ಲೇ. ನೀನು ಒಂದು ದಿನನಾದ್ರೂ ಗೇಯ್ದು ತೋರ್ಸು, ಆಮ್ಯಾಕೆ ಮಾತಾಡಾಣ" ಎಂದ. ಆ ಚರ್ಚೆ ಅಲ್ಲಿಗೇ ಮುಗಿಯಿತು. ಆದರೆ ಸೋಮವಾರ ಎಂದರೆ ಲೋಕವೇ ನಿಂತಿರುತ್ತದೆ, ನಡೆಯುವುದು ನಾನೊಬ್ಬನೇ ಎಂಬ ಭಾವನೆ ಮಾತ್ರ ಮನಸ್ಸಿನಲ್ಲಿ ಬೇರು ಬಿಟ್ಟಿತು.

ಮುಂದೆ ಹೇಗೋ ಡಿಪ್ಲೊಮಾ ಮುಗಿಸಿ ಓವರ್‌ಸೀಯರ್ ಆದೆ. ಎಪ್ಪತ್ತರ ದಶಕದ ನಡುವಿನ ಮಾತು. ಹೊಸದುರ್ಗಕ್ಕೆ ವರ್ಗವಾಯಿತು, ಬಾಗೂರಿನ ಕಡೆಯ ಒಂದು ಹಳ್ಳಿಯಿಂದ ಗೌರಮ್ಮ ಹೆಂಡತಿಯಾಗಿ ಬಂದಳು. ಆ ಹಳ್ಳಿಗೂ ಹೊಸದುರ್ಗದ ರಸ್ತೆಗೂ ನಡುವೆ ಒಂದು ಹಳ್ಳ. ವರ್ಷದಲ್ಲಿ ಒಂಬತ್ತು ತಿಂಗಳು ಅದರಲ್ಲಿ ಮರಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಉಳಿದ ಮೂರು ತಿಂಗಳು ಅದು ತನ್ನ ಮನಸ್ಸಿಗೆ ಬಂದಾಗ ಬಂದು, ಬೇಡವೆನ್ನಿಸಿದಾಗ ಹೋಗುತ್ತದೆ. ನಮ್ಮ ಮದುವೆಯ ದಿನ ಅದಕ್ಕೆ ಬರಬೇಕೆನ್ನಿಸಿತು. ಅಕಾಲದ ಮಳೆ. ಬಾಸಿಂಗ ಕಟ್ಟಿಕೊಂಡ ನಾನು ಈ ದಡದಲ್ಲಿ ಒಂದು ಕಲ್ಲಿನ ಮೇಲೆ ಮೂರು ಗಂಟೆ ಕುಳಿತಿದ್ದೆ. ಆ ದಡದಲ್ಲಿ ನನ್ನ ಮಾವ ಓಬಳಪ್ಪ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, "ಬೇಜಾರಾಗ್ಬ್ಯಾಡ್ರಿ ಅಳಿಯಂದ್ರೇ, ಅಲ್ಲೇ ಕುಂತ್ಕಳ್ರಿ!" ಎಂದು ಕೂಗುತ್ತಿದ್ದರು. ಎದ್ದು ಎಲ್ಲಿಗೆ ಹೋಗಲಿ?

ಆದ್ದರಿಂದ ಆ ಹಳ್ಳಕ್ಕೆ ಸೇತುವೆ ಮಂಜೂರಾಗಿ, ಅದರ ಉಸ್ತುವಾರಿ ನನ್ನ ಪಾಲಿಗೆ ಬಂದಾಗ ನನಗಿಂತ ಹೆಚ್ಚು ಬೀಗಿದವರು ಮಾವ. ಆ ಊರಿನ ಗಾಡಿಯವರಿಗೆಲ್ಲ ಅವರೇ ಹಿರಿಯರು. ಅರಳಿಕಟ್ಟೆಯ ಮೇಲೆ ಕುಳಿತು, "ನಮ್ಮ ಅಳಿಯಂದ್ರು ಸೇತ್ವೆ ಕಟ್ತಾವ್ರೆ" ಎಂದು ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಹೇಳುತ್ತಿದ್ದರಂತೆ. ಹೇಳಿಸಿಕೊಳ್ಳಲು ಯಾರೂ ಉಳಿಯದಾದಾಗ ಮೊದಲಿನವರಿಗೇ ಇನ್ನೊಂದು ಸಲ ಹೇಳುತ್ತಿದ್ದರು.

ತಳಪಾಯ ಮುಗಿದು ಕಂಬಗಳು ನೆಲದಿಂದ ಮೇಲೇಳುವ ಹೊತ್ತಿಗೆ ಪರೀಕ್ಷೆ ಎಂಬ ಗ್ರಹಚಾರ ವಕ್ರಿಸಿತು. ಕಾಮಗಾರಿಗಳನ್ನು ಯೋಜನೆ ಹಾಕಿ ನಡೆಸುವ ಹೊಸ ವಿದ್ಯೆ ಅದೇ ಆಗ ನಮ್ಮ ಕಡೆ ಕಾಲಿಟ್ಟಿತ್ತು. ದೊಡ್ಡ ಊರಿನ ಒಂದು ಸಂಸ್ಥೆ ಅಂಚೆಯಲ್ಲಿ ಪಾಠ ಕಳಿಸಿ, ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಪರೀಕ್ಷೆ ನಡೆಸಿ, ಪಾಸಾದವರಿಗೆ ಸರ್ಟಿಫಿಕೇಟ್ ಕೊಡುತ್ತಿತ್ತು. ಇನ್ನು ಮುಂದೆ ಸೇತುವೆಯಂಥ ಕೆಲಸ ಆ ಸರ್ಟಿಫಿಕೇಟ್ ಇದ್ದವರಿಗೇ ಎಂದು ನಮ್ಮ ಸಾಹೇಬರು ಹೇಳಿಬಿಟ್ಟರು. ಸಾಹೇಬರು ಮೈಸೂರಿನ ಕಡೆಯವರು, ಒಳ್ಳೆಯವರು, ಆದರೆ ಹೊಸದೆಂದರೆ ಜೀವ ಬಿಡುವವರು.

ವಿದ್ಯೆ ಇಷ್ಟೇ. ಒಂದು ಕೆಲಸವನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆಯಬೇಕು. ಯಾವುದು ಮುಗಿದ ಮೇಲೆ ಯಾವುದು, ಯಾವುದಕ್ಕೆ ಎಷ್ಟು ದಿನ ಎಂದು ಕಂಡುಕೊಂಡು, ಸೊನ್ನೆ ಬರೆದು ಸೊನ್ನೆಯಿಂದ ಸೊನ್ನೆಗೆ ಬಾಣ ಎಳೆಯಬೇಕು. ಆ ಬಾಣಗಳ ಜಾಲದಲ್ಲಿ ಎಲ್ಲಕ್ಕಿಂತ ಉದ್ದವಾದ ಒಂದು ದಾರಿ ಇರುತ್ತದೆ. ಅದಕ್ಕೆ ಕ್ರಿಟಿಕಲ್ ಪಾತ್ ಎಂದು ಹೆಸರು. ಅದರ ಮೇಲಿನ ಒಂದು ಕೆಲಸ ಒಂದು ದಿನ ತಡವಾದರೂ ಇಡೀ ಕಾಮಗಾರಿ ಒಂದು ದಿನ ತಡ. ನಾನು ಇದನ್ನು ಅರ್ಥ ಮಾಡಿಕೊಳ್ಳಲು ಒಂದು ತಿಂಗಳು ತೆಗೆದುಕೊಂಡೆ. ಗೌರಮ್ಮನಿಗೆ ವಿವರಿಸಿದಾಗ ಅವಳು ರಾಗಿ ಕೇರುತ್ತ ಕೇಳಿಸಿಕೊಂಡು, "ಸಾರಿಗೆ ಬ್ಯಾಳೆ ಇಟ್ಟು, ಅದು ಬೇಯಾದ್ರೊಳಗೆ ಮುದ್ದೆಗೆ ಎಸರು ಇಡಾದು. ಬ್ಯಾಳೆ ಬೇಯದಿದ್ರೆ ಊಟ ತಡ. ಇದಕ್ಕೆ ಪುಸ್ತಕ ಬೇರೆ ಬರೆದವ್ರಾ?" ಎಂದಳು. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಪರೀಕ್ಷೆಗೆ ನನ್ನ ಜೊತೆ ಹೊಳಲ್ಕೆರೆಯ ಓವರ್‌ಸೀಯರ್ ಸೀತಾರಾಮು ಕೂತಿದ್ದ. ಇವನು ನನ್ನ ಡಿಪ್ಲೊಮಾ ಗೆಳೆಯ. ಕಣ್ಣು ಮುಚ್ಚಿಕೊಂಡು ಪುಸ್ತಕವನ್ನು ಇಡಿಯಾಗಿ ಒಪ್ಪಿಸುವ ಜಾತಿ. ಬೆಳಗ್ಗೆ ಬರವಣಿಗೆ, ಮಧ್ಯಾಹ್ನ ಮೌಖಿಕ. ಬರವಣಿಗೆಯಲ್ಲಿ ಕಡ್ಡಾಯವಾದ ಒಂದು ದೊಡ್ಡ ಪ್ರಶ್ನೆ: ಒಂದು ಸಣ್ಣ ಸೇತುವೆ, ಇಂತಿಂಥ ಕೆಲಸಗಳು, ಇಂತಿಷ್ಟು ದಿನಗಳು, ಜಾಲ ಬರೆದು, ಮಂಗಳವಾರ ಶುರುವಾದ ಕೆಲಸ ಎಷ್ಟನೆಯ ದಿನ ಮುಗಿಯುತ್ತದೆ ಹೇಳಿ. ಸೇತುವೆ ಎಂಬ ಪದ ನೋಡಿ ನನಗೆ ಹಿಗ್ಗೋ ಹಿಗ್ಗು. ನನ್ನ ಸೇತುವೆಯೇ ಹಾಳೆಯ ಮೇಲೆ ಬಂದು ಮಲಗಿದಂತಿತ್ತು. ಸರಸರನೆ ಬಾಣ ಎಳೆದೆ, ಬೆರಳು ಮಡಿಸಿ ಎಣಿಸಿದೆ, ಉತ್ತರ ಬರೆದು ಎರಡು ಗೀಟು ಹಾಕಿದೆ. ಹತ್ತು ನಿಮಿಷ ಮೊದಲೇ ಹೊರಗೆ ಬಂದೆ.

ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಸೀತಾರಾಮು ಕೇಳಿದ.

"ಲೇ ತಿಪ್ಪೇಸ್ವಾಮಿ, ಸೇತ್ವೆ ಲೆಕ್ಕ ಎಷ್ಟು ಬಂತು?"

"ಐವತ್ತೆರಡು."

"ನಲವತ್ತೈದು ಅಲ್ವೇನೋ?"

"ಐವತ್ತೆರಡು ಕಣಲೇ."

"ಏಳು ದಿನ ಎಲ್ಲಿಂದ ತಂದೆ ಮಾರಾಯ?"

ನಾನು ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಅಗಿಯುವುದು ಬಿಟ್ಟೆ. ಖಾರ ನೆತ್ತಿಗೆ ಹತ್ತಿತು. ಆ ಏಳು ದಿನ ಎಲ್ಲಿಂದ ಬಂದವು ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ನಾನು ಏಳು ಸೋಮವಾರ ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ. ಬಿಟ್ಟಿದ್ದೇನೆಂದು ನನಗೆ ಗೊತ್ತೂ ಇರಲಿಲ್ಲ.

ಆಗಲಾದರೂ ಬುದ್ಧಿ ಇದ್ದಿದ್ದರೆ ಮೌಖಿಕದಲ್ಲಿ ತಪ್ಪೊಪ್ಪಿಕೊಂಡು ಪಾರಾಗಬಹುದಿತ್ತು. ಆದರೆ ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ತಪ್ಪು ಮಾಡಿದಾಗ ನನಗೆ ವಾದ ಮಾಡುವ ಉತ್ಸಾಹ ಇಮ್ಮಡಿಯಾಗುತ್ತದೆ. ದಪ್ಪ ಕನ್ನಡಕದ ವಯಸ್ಸಾದ ಪರೀಕ್ಷಕರು ನನ್ನ ಉತ್ತರ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

"ಭಾನುವಾರ ಬಿಟ್ಟಿದ್ದರೆ ರಜಾ ಎಂದು ಒಪ್ಪಬಹುದಿತ್ತು. ನೀವು ಭಾನುವಾರ ಕೆಲಸ ಮಾಡಿಸಿದ್ದೀರಿ. ಸೋಮವಾರ ಏನಿದೆ?"

"ಸೋಮವಾರ ಎತ್ತು ಹೂಡಲ್ಲ ಸಾರ್."

"ಪ್ರಶ್ನೆಯಲ್ಲಿ ಎತ್ತು ಎಲ್ಲಿದೆ?"

"ಮರಳು ಇದೆಯಲ್ಲ ಸಾರ್."

ಅವರು ಪ್ರಶ್ನೆ ಪತ್ರಿಕೆಯನ್ನು ಇನ್ನೊಮ್ಮೆ ಓದಿದರು. ಮರಳು ಇತ್ತು. ನಾನು ಬಿಡಲಿಲ್ಲ. ಮರಳು ಎಂದರೆ ಗಾಡಿ, ಗಾಡಿ ಎಂದರೆ ಎತ್ತು, ಎತ್ತು ನಿಂತ ದಿನ ಮರಳಿಲ್ಲ, ಮರಳಿಲ್ಲದ ದಿನ ಮೇಸ್ತ್ರಿ ಬೀಡಿ ಸೇದುತ್ತ ಕೂರುತ್ತಾನೆ, ಮೇಸ್ತ್ರಿ ಕೂತರೆ ಆಳುಗಳೂ ಕೂರುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಅದಕ್ಕೆ ನೀವೇನು ಮಾಡುತ್ತೀರಿ?" ಎಂದರು. "ನಾನೂ ಕೂರುತ್ತೇನೆ ಸಾರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮೌಖಿಕ ಮುಗಿಯಿತು.

ತಿಂಗಳ ಮೇಲೆ ಫಲಿತಾಂಶದ ಕಾರ್ಡು ಬಂತು. ಸೀತಾರಾಮು ಪಾಸು, ನಾನು ಫೇಲು. ಸಾಹೇಬರು ಕರೆಸಿ ಕೂರಿಸಿಕೊಂಡು ಮೆತ್ತಗೆ ಹೇಳಿದರು: "ಆರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ, ತಿಪ್ಪೇಸ್ವಾಮಿ. ಪಾಸಾದರೆ ಸೇತುವೆ ನಿಮ್ಮ ಕೈಯಲ್ಲೇ ಇರುತ್ತದೆ. ಇಲ್ಲವಾದರೆ ಸೀತಾರಾಮುವನ್ನು ಹೊಳಲ್ಕೆರೆಯಿಂದ ಇಲ್ಲಿಗೆ ಹಾಕಿಸುತ್ತೇನೆ. ಬೇಸರ ಪಟ್ಟುಕೊಳ್ಳಬೇಡಿ." ಬೇಸರ ಎಂಬುದು ಚಿಕ್ಕ ಮಾತು. ಸೀತಾರಾಮು ನನ್ನ ಕಂಬಗಳ ಮೇಲೆ ಹಲಗೆ ಹೊಡೆಸುವುದನ್ನು ನನ್ನ ಮಾವ ಅರಳಿಕಟ್ಟೆಯಿಂದ ನೋಡುವ ದೃಶ್ಯ ಕಣ್ಣಿಗೆ ಕಟ್ಟಿ, ಎರಡು ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಮಾವನಿಂದ ಮುಚ್ಚಿಡಬೇಕೆಂದು ನಾನೂ ಗೌರಮ್ಮನೂ ಮಾತಾಡಿಕೊಂಡೆವು. ಯಾರಿಂದಲೋ ಸುದ್ದಿ ಮುಟ್ಟಿ ಮೂರನೆಯ ದಿನ ಮಾವನೇ ಬಂದರು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಏನ್ರಿ ಅಳಿಯಂದ್ರೇ, ಸ್ವಾಮಾರ ಎತ್ತು ಬಿಟ್ಟಿದ್ದಕ್ಕೆ ಫೇಲ್ ಮಾಡಿದ್ರಂತೆ? ಯಾವನ್ರಿ ಅವ್ನು ಪೇಪರ್ ನೋಡಿದೋನು? ಅವನ ಮನ್ಯಾಗೆ ಎತ್ತು ಇಲ್ವಾ?"

"ಇಲ್ಲ ಅನ್ಸುತ್ತೆ ಮಾವ."

"ಅದಕ್ಕೇ ಮತ್ತೆ!"

ಅವರಿಗೆ ಎಳ್ಳಷ್ಟೂ ನಾಚಿಕೆಯಾಗಿರಲಿಲ್ಲ. ಅರಳಿಕಟ್ಟೆಯಲ್ಲಿ ಈಗ ಹೊಸ ಕಥೆ ನಡೆದಿತ್ತು. ಪರೀಕ್ಷೆ ಹೋದರೂ ಹೋಗಲಿ, ಬಸವಣ್ಣನ ವಾರ ಎತ್ತಿನ ಹೆಗಲಿಗೆ ನೊಗ ಇಡೆನೆಂದ ಧೀರ ನಾನು. ದಾರಿಯಲ್ಲಿ ಸಿಕ್ಕ ಮುದುಕರು ನನಗೆ ಕೈ ಮುಗಿಯತೊಡಗಿದರು. ಫೇಲಾದದ್ದಕ್ಕೆ ಇಷ್ಟು ಮರ್ಯಾದೆ ನಾನು ಎಲ್ಲೂ ಕಂಡಿಲ್ಲ. ನನಗೆ ಇನ್ನಷ್ಟು ಭಯವಾಯಿತು. ಇಷ್ಟೆಲ್ಲ ಆದ ಮೇಲೆ ಸೇತುವೆ ಕೈ ಬಿಟ್ಟುಹೋದರೆ ಈ ಮನುಷ್ಯ ಕಟ್ಟೆಯ ಮೇಲೆ ತಲೆ ಎತ್ತಿ ಕೂರುವುದು ಹೇಗೆ? ಆ ಯೋಚನೆ ಬಂದಾಗ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಮಾವ ಹಾಲುರಾಮೇಶ್ವರಕ್ಕೆ ಹೋಗಿ ಹಣ್ಣುಕಾಯಿಯನ್ನೂ ಮಾಡಿಸಿಕೊಂಡು ಬಂದರು. ಏನು ಬೇಡಿಕೊಂಡಿರಿ ಎಂದು ಕೇಳಿದರೆ, "ಆ ಹೊಳಲ್ಕೆರೆಯೋನಿಗೆ ಅಲ್ಲೇ ಒಳ್ಳೆ ಕೆಲಸ ಸಿಗ್ಲಿ ಅಂದೆ" ಎಂದರು. ಯಾರಿಗೂ ಕೆಟ್ಟದ್ದು ಬಯಸುವ ಜೀವವಲ್ಲ ಅದು.

ಮತ್ತೆ ಓದು ಶುರುವಾಯಿತು. ಬೆಳಗ್ಗೆ ಐದಕ್ಕೆ ಎದ್ದು ನಾನು ಪುಸ್ತಕ ಹಿಡಿಯುವುದು, ಗೌರಮ್ಮ ಬಚ್ಚಲ ಒಲೆಗೆ ಸೌದೆ ಒಡ್ಡುತ್ತ ಪ್ರಶ್ನೆ ಕೇಳುವುದು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದವಳು. ಅದನ್ನು ಅವಳು ಬಾಯಿ ಬಿಟ್ಟು ಎಂದೂ ಹೇಳಿದವಳಲ್ಲ, ನಾನು ಎಂದೂ ಮರೆತವನಲ್ಲ. ಗ್ರಾಫ್ ಹಾಳೆ ಹೊಸದುರ್ಗದಲ್ಲಿ ಸಿಗುತ್ತಿರಲಿಲ್ಲ. ಹಿರಿಯೂರಿಗೆ ಹೋದಾಗ ಒಂದು ದಸ್ತು ತಂದೆ. ಅದರ ಮೇಲೆ ದಿನಕ್ಕೊಂದು ಜಾಲ ಬರೆಯುತ್ತಿದ್ದೆ. ಪ್ರತಿ ಸಲವೂ ಲೆಕ್ಕ ಮುಗಿದ ಕೂಡಲೇ ಗೌರಮ್ಮ ಬಂದು, "ಸೋಮವಾರ ತಗಂಡ್ರಾ?" ಎಂದು ಕೇಳುವಳು. ಹತ್ತರಲ್ಲಿ ಆರು ಸಲ ತೆಗೆದುಕೊಂಡಿರುತ್ತಿರಲಿಲ್ಲ. ಕೈಯನ್ನು ಪಳಗಿಸುವುದು ಕರುವಿಗೆ ನೊಗ ಕಲಿಸಿದಷ್ಟೇ ಕಷ್ಟವಾಯಿತು.

ಈ ನಡುವೆ ಕೆಲಸದ ಜಾಗದಲ್ಲಿ ಬೇರೊಂದು ಪೇಚು. ಹಳ್ಳ ಬರುವುದರೊಳಗೆ ಮರಳನ್ನು ದಡದ ಮೇಲೆ ರಾಶಿ ಹಾಕಿಸಬೇಕಿತ್ತು. ನೀರು ಬಂದರೆ ಮರಳಿಲ್ಲ, ಆಮೇಲೆ ಯಾರು ಪಾಸಾದರೂ ಒಂದೇ. ಮೋಡ ಆಗಲೇ ಕಟ್ಟುತ್ತಿತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ, "ನಾಳೆ ಸೋಮವಾರ. ಮತ್ತೆ ಒಂದು ದಿನ ಹಾಳು. ನಿಮ್ಮಪ್ಪ ಗಾಡಿ ಕಟ್ಟಲ್ಲ" ಎಂದು ಗೊಣಗಿದೆ.

"ಎತ್ತಿಗೆ ಸೋಮವಾರ ಸರಿ. ಕತ್ತೆಗೆ ಯಾವ ವಾರ?" ಎಂದಳು ಗೌರಮ್ಮ, ಸಾರು ಬಡಿಸುತ್ತ.

ನಮ್ಮ ಕಡೆ ಹಳ್ಳದಿಂದ ಮರಳು ಹೊರುವ ಕತ್ತೆಗಳು ಬೇಕಾದಷ್ಟಿದ್ದವು. ಹುಟ್ಟಿದಾಗಿನಿಂದ ನೋಡಿದ್ದೆ. ಡಿಪ್ಲೊಮಾ ಓದಿದ್ದೆ. ಸಂಸ್ಥೆಯ ಹನ್ನೆರಡು ಪಾಠಗಳನ್ನು ಎರಡೆರಡು ಸಲ ಓದಿದ್ದೆ. ಇದು ಮಾತ್ರ ತಲೆಗೆ ಬಂದಿರಲಿಲ್ಲ. ಎತ್ತು ನಿಂತಾಗ ನಾನೂ ಕೂರುವುದನ್ನು ಕಲಿತಿದ್ದೆನೇ ಹೊರತು ಬೇರೆ ದಾರಿ ಹುಡುಕುವುದನ್ನು ಕಲಿತಿರಲಿಲ್ಲ. ಮಾರನೆಯ ದಿನವೇ ಹನುಮಂತಪ್ಪ ಎಂಬವನನ್ನು ಹಿಡಿದೆ. ಅವನ ಹದಿನಾಲ್ಕು ಕತ್ತೆಗಳು ಬೆನ್ನಿನ ಎರಡೂ ಕಡೆ ಚೀಲ ಇಳಿಬಿಟ್ಟುಕೊಂಡು ದಡ ಹತ್ತಿದವು, ಇಳಿದವು, ಮತ್ತೆ ಹತ್ತಿದವು. ಗಾಡಿಯಷ್ಟು ಬೇಗ ಅಲ್ಲ, ಆದರೆ ರಾಶಿ ಬೆಳೆಯಿತು. ಮಾವ ಮಾತ್ರ ಆ ದಿನ ಹಳ್ಳದ ಕಡೆ ತಲೆ ಹಾಕಲಿಲ್ಲ. ಎತ್ತಿನ ಕೆಲಸಕ್ಕೆ ಕತ್ತೆಯನ್ನು ಕರೆದದ್ದರಿಂದ ಅವರಿಗೆ ಸ್ವಲ್ಪ ನೋವಾಗಿತ್ತು. "ನಮ್ಮ ಎತ್ತು ಹತ್ತಿ ಹೋಗೋ ಸೇತ್ವೆಗೆ ಕತ್ತೆ ಹೊತ್ತ ಮರಳೇನೇ?" ಎಂದು ಮಗಳ ಹತ್ತಿರ ಹೇಳಿಕೊಂಡರಂತೆ. ನಾಲ್ಕು ಸೋಮವಾರ ಕತ್ತೆಗಳು ನಡೆದವು. ಐದನೆಯದು ಬರುವುದರೊಳಗೆ ಹಳ್ಳ ಬಂತು. ಮರಳು ದಡದ ಮೇಲೆ ಭದ್ರವಾಗಿ ಕೂತಿತ್ತು.

ಎರಡನೆಯ ಸಲ ಪರೀಕ್ಷೆಗೆ ಹೊರಟೆ. ಸಂಸ್ಥೆಯವರ ತಮಾಷೆಯೋ ಏನೋ, ಪರೀಕ್ಷೆ ಇಟ್ಟದ್ದೇ ಸೋಮವಾರ. ಬರವಣಿಗೆಯಲ್ಲಿ ಸೇತುವೆ ಹೋಗಿ ಆಸ್ಪತ್ರೆಯ ಕಟ್ಟಡ ಬಂದಿತ್ತು. ನಾನು ಎಡಗೈಯಿಂದ ಬಲಗೈ ಹಿಡಿದುಕೊಂಡು ಒಂದೊಂದೇ ದಿನ ಎಣಿಸಿದೆ. ಸೋಮವಾರ ಬಂದಾಗಲೆಲ್ಲ "ತಗಂಡೆ" ಎಂದು ಪಿಸುಗುಟ್ಟುತ್ತಿದ್ದೆ. ಪಕ್ಕದ ಬೆಂಚಿನವನು ನನ್ನನ್ನು ಅನುಮಾನದಿಂದ ನೋಡಿ ಆ ಕಡೆ ಸರಿದು ಕೂತ.

ಮೌಖಿಕಕ್ಕೆ ಒಳಗೆ ಹೋದರೆ ಅದೇ ದಪ್ಪ ಕನ್ನಡಕ. ಅವರು ನನ್ನ ಹೆಸರು ನೋಡಿ, ಮುಖ ನೋಡಿ, ಕುರ್ಚಿಗೆ ಒರಗಿ ಕೂತರು.

"ಸೋಮವಾರದವರಲ್ಲವೇ ನೀವು?"

"ಹೌದು ಸಾರ್."

"ಉತ್ತರ ಸರಿಯಾಗಿದೆ. ಈ ಸಲ ಸೋಮವಾರ ಎಲ್ಲಿ ಹೋಯಿತು?"

ಪುಸ್ತಕದಲ್ಲಿದ್ದಂತೆ ಲೆಕ್ಕ ಹಾಕಿದೆ ಸಾರ್ ಎಂದು ಹೇಳಿ ಸುಮ್ಮನಾಗಬಹುದಿತ್ತು. ಗೌರಮ್ಮನೂ ಹಾಗೆಂದೇ ಬುದ್ಧಿ ಹೇಳಿ ಕಳಿಸಿದ್ದಳು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಕತ್ತೆ ಮೇಲೆ ಹಾಕಿದೀನಿ ಸಾರ್" ಎಂದೆ.

ಕೋಣೆಯಲ್ಲಿದ್ದ ಇನ್ನೊಬ್ಬ ಪರೀಕ್ಷಕರು ನಕ್ಕುಬಿಟ್ಟರು. ಇವರು ನಗಲಿಲ್ಲ. ಮುಂದಕ್ಕೆ ಬಾಗಿ, "ವಿವರವಾಗಿ ಹೇಳಿ" ಎಂದರು. ಹೇಳಿದೆ. ಹದಿನಾಲ್ಕು ಕತ್ತೆ, ದಿನಕ್ಕೆ ಎಷ್ಟು ಸಲ ದಡ ಹತ್ತುತ್ತವೆ, ಒಂದು ಗಾಡಿಯ ಮರಳಿಗೆ ಎಷ್ಟು ಕತ್ತೆಯ ಹೊರೆ, ಆರು ದಿನ ಎತ್ತು ಒಂದು ದಿನ ಕತ್ತೆ ಆದರೆ ಎಷ್ಟು ದಿನ ಉಳಿಯುತ್ತದೆ. ಅವರು ಕಾಗದ ಮುಂದೆ ತಳ್ಳಿದರು. ಜಾಲ ಬರೆದು ತೋರಿಸಿದೆ. "ಯಾರು ಹೇಳಿಕೊಟ್ಟರು?" ಎಂದರು. ನನ್ನದೇ ಯೋಚನೆ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. "ನಮ್ಮ ಮನೆಯವರು ಸಾರ್" ಎಂದೆ. "ಹಾಗಾದರೆ ಪರೀಕ್ಷೆಗೆ ಅವರನ್ನೇ ಕಳಿಸಬಹುದಿತ್ತಲ್ಲ" ಎಂದು ಈಗ ನಕ್ಕರು.

ಪಾಸಾದೆ. ಕಾರ್ಡು ಬಂದ ದಿನ ಗೌರಮ್ಮ ಹೋಳಿಗೆ ಮಾಡಿದಳು. ಸಾಹೇಬರು ಕೈ ಕುಲುಕಿದರು. ಸೀತಾರಾಮು ಹೊಳಲ್ಕೆರೆಯಿಂದ ಬಂದು ಆರು ಹೋಳಿಗೆ ತಿಂದು, "ನಿನ್ನ ಸೇತ್ವೆ ನಿಂಗಿರ್ಲಿ ಬಿಡಪ್ಪ, ನಂಗೂ ಅದರ ಮ್ಯಾಲೆ ಆಸೆ ಇರ್ಲಿಲ್ಲ" ಎಂದ. ಅವನ ಮೇಲೆ ಆರು ತಿಂಗಳು ಒಳಗೊಳಗೇ ಹಲ್ಲು ಕಡಿದದ್ದಕ್ಕೆ ನನಗೆ ನಾಚಿಕೆಯಾಗಿ ಏಳನೆಯ ಹೋಳಿಗೆಗೆ ಎರಡು ಮಿಳ್ಳೆ ತುಪ್ಪ ಹಾಕಿದೆ.

ಆಮೇಲಿನ ನನ್ನ ಜಂಬ ಕೇಳಬೇಡಿ. ಹಳ್ಳದ ಪಕ್ಕದ ಶೆಡ್ಡಿನ ಗೋಡೆಯ ತುಂಬ ಚಾರ್ಟು. ಕೆಂಪು ಪೆನ್ಸಿಲಿನಲ್ಲಿ ಕ್ರಿಟಿಕಲ್ ಪಾತ್. ಆರು ದಿನ ಎತ್ತು, ಸೋಮವಾರ ಕತ್ತೆ, ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಚಾರ್ಟಿನಲ್ಲಿ ವಾರಗಳ ಹೆಸರನ್ನೇ ಕಿತ್ತು ಹಾಕಿ ಬರೀ ತಾರೀಕು ಬರೆದೆ. ಸರ್ಟಿಫಿಕೇಟ್ ಇದ್ದವನಿಗೆ ವಾರ ಯಾವುದಾದರೇನು? ಕೊನೆಯ ಚೌಕ ಯಾವ ತಾರೀಕಿಗೆ ಬಂದಿತ್ತೋ ಅದೇ ತಾರೀಕಿಗೆ ಸೇತುವೆ ಮುಗಿಯುವುದೆಂದು ಎರಡು ತಿಂಗಳು ಮೊದಲೇ ಸಾಹೇಬರಿಗೆ ಬರೆದುಕೊಟ್ಟೆ. ಸಾಹೇಬರು ಅದೇ ದಿನ ಪ್ರಾರಂಭೋತ್ಸವ ಎಂದು ಅವರ ಮೇಲಿನವರನ್ನೂ ಕರೆದರು. ಹೊಸ ಸೇತುವೆಯ ಮೇಲೆ ಮೊದಲು ಸಿಂಗರಿಸಿದ ಎತ್ತಿನ ಗಾಡಿ ದಾಟಬೇಕು ಎಂಬುದು ಊರವರ ಆಸೆ. ಆ ಗಾಡಿ ಓಬಳಪ್ಪನವರದೇ ಎಂಬುದನ್ನು ಯಾರೂ ಕೇಳಬೇಕಿರಲಿಲ್ಲ.

ಹಿಂದಿನ ದಿನ ಸಂಜೆ ಮಾವನ ಮನೆಗೆ ಹೋದೆ. ಎತ್ತುಗಳ ಕೊಂಬಿಗೆ ಆಗಲೇ ಬಣ್ಣ ಬಳಿಯುತ್ತಿದ್ದರು.

"ಮಾವ, ನಾಳೆ ಹತ್ತು ಗಂಟೆಗೆ ಗಾಡಿ ಕಟ್ಕಂಡು ಬಂದ್ಬಿಡ್ರಿ."

ಮಾವ ಬಣ್ಣದ ಕೈ ಎತ್ತಿ ನನ್ನನ್ನೇ ನೋಡಿದರು. "ನಾಳೆನಾ? ತಾರೀಕು ಹದಿನೈದು ಅಂದಿದ್ರಿ."

"ನಾಳೆನೇ ಹದಿನೈದು."

"ಅಳಿಯಂದ್ರೇ," ಎಂದರು ಮಾವ ಬಹಳ ಮೆತ್ತಗೆ, "ನಾಳೆ ವಾರ ಯಾವುದ್ರಿ?"

ಸೋಮವಾರ! ಏಳು ಸೋಮವಾರ ಬಿಟ್ಟು ಫೇಲಾದವನು, ಒಂದು ಸೋಮವಾರವನ್ನು ಬಿಡದೆ ಹೋಗಿ ಹೀಗೆ ಸಿಕ್ಕಿಬಿದ್ದಿದ್ದೆ. ದಿನ ಮುಂದೂಡುವ ಹಾಗಿಲ್ಲ, ದೊಡ್ಡವರು ಆಗಲೇ ದುರ್ಗಕ್ಕೆ ಬಂದು ಇಳಿದಿದ್ದರು. ಮಾವನನ್ನು ಹೂಡಿ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಅವರು ನನ್ನ ಮುಖ ನೋಡಿ ಹೂಡಿಬಿಡುತ್ತಿದ್ದರೋ ಏನೋ, ಅದೇ ನನಗೆ ಹೆದರಿಕೆ. ಮಾವ ಮತ್ತೆ ಬಣ್ಣಕ್ಕೆ ಕೈ ಅದ್ದಿದರು. ಅರ್ಧ ಬಳಿದಿದ್ದ ಕೊಂಬನ್ನು ಪೂರ್ತಿ ಬಳಿದರು.

ಮಾರನೆಯ ದಿನ ಬೆಳಗ್ಗೆ ಸೇತುವೆಯ ಬಾಯಿಗೆ ಮಾವಿನ ತೋರಣ, ವಾಲಗ, ಎರಡೂ ದಡದಲ್ಲಿ ಜನ. ಊರ ಹೈಕಳು ಗಾಡಿಯನ್ನು ಕೈಯಿಂದಲೇ ತಳ್ಳಿಕೊಂಡು ಬಂದು ನಿಲ್ಲಿಸಿದ್ದರು. ಪಕ್ಕದಲ್ಲಿ ಮಾವ, ಜೂಲು ಹೊದಿಸಿದ ಎತ್ತುಗಳ ಹಗ್ಗ ಹಿಡಿದು ನಿಂತಿದ್ದರು. ಎತ್ತುಗಳ ಹೆಗಲು ಖಾಲಿ. ಟೇಪು ಕತ್ತರಿಸಿ ಆಯಿತು. "ಗಾಡಿ ಹೊರಡಲಿ" ಎಂದರು ಸಾಹೇಬರು. ಯಾರೂ ಅಲುಗಲಿಲ್ಲ. ವಾಲಗದವರೂ ನಿಲ್ಲಿಸಿದರು. ಸಾಹೇಬರು ನನ್ನ ಕಡೆ ನೋಡಿದರು. ಮಾವ ನೆಲ ನೋಡುತ್ತಿದ್ದರು. ಅಷ್ಟು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ ಮನುಷ್ಯ, ತನ್ನ ಊರಿನ ಎದುರಿಗೆ ತಲೆ ತಗ್ಗಿಸಿ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಚಪ್ಪಲಿ ಬಿಟ್ಟೆ. ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ಹೋಗಿ ನೊಗಕ್ಕೆ ಹೆಗಲು ಕೊಟ್ಟೆ.

"ಏ, ಬ್ಯಾಡ್ರಿ! ಎಲ್ಲಾರೂ ನೋಡ್ತಾವ್ರೆ ಅಳಿಯಂದ್ರೇ!" ಎಂದು ಮಾವ ಓಡಿ ಬಂದರು.

"ತಪ್ಪು ನಂದು ಮಾವ. ಎತ್ತಿಂದಲ್ಲ."

ಮಾವ ಹಗ್ಗವನ್ನು ಗೌರಮ್ಮನ ಕೈಗೆ ಕೊಟ್ಟು, ರುಮಾಲು ಬಿಗಿದುಕೊಂಡು, ನೊಗದ ಇನ್ನೊಂದು ತುದಿಗೆ ತಾವೇ ಬಂದು ನಿಂತರು. ಜನ ಹೋ ಎಂದು ಕೂಗಿದರು. ವಾಲಗ ಮೊದಲಿಗಿಂತ ಜೋರಾಗಿ ಎದ್ದಿತು. ಉತ್ಸವಕ್ಕೆಂದು ಬಂದಿದ್ದ ಸೀತಾರಾಮು ಹಿಂದಿನಿಂದ ತಳ್ಳಿದ. ಗಾಡಿ ಕಿರುಗುಟ್ಟಿ ಉರುಳಿತು. ಎತ್ತುಗಳು ಗೌರಮ್ಮನ ಹಿಂದೆ, ಮದುವೆಗೆ ಬಂದ ಬೀಗರ ಹಾಗೆ, ಗಂಟೆ ಅಲ್ಲಾಡಿಸುತ್ತ ನಿಧಾನವಾಗಿ ನಡೆದು ಬಂದವು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ನಡು ಸೇತುವೆಗೆ ಬಂದಾಗ ಮಾವ ಏದುಸಿರು ಬಿಡುತ್ತ ನಿಂತರು. ಬರಿಗಾಲನ್ನು ಎತ್ತಿ ಸೇತುವೆಯ ಮೇಲೆ ದಪ್ಪನೆ ಒಂದು ಸಲ ಗುದ್ದಿದರು, ಇನ್ನೊಂದು ಸಲ ಗುದ್ದಿದರು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ, "ಗಟ್ಟಿ ಐತೆ ಕಣ್ರಿ" ಎಂದರು.

ನಾನು ನೊಗವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, "ಹೋಗಾಣ ಮಾವ" ಎಂದೆ. ಇಬ್ಬರೂ ಎಳೆದೆವು.